ಅಮ್ಮನ ಖಾತೆ ಅಮ್ಮನ ಕೈಯಲ್ಲೇ ಇರಲಿ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಹೊಸ ಅಪ್‌ಡೇಟ್‌ ಬಂದ ಮೇಲೆ ಡಿಮೆನ್ಶಿಯಾ ಇರುವ ಹಿರಿಯರಿಗೆ ನಿಮ್ಮ ವಿಡಿಯೊ ಕರೆ ಆ್ಯಪ್‌ ಬಳಸಲಾಗದಿರುವ ಬಗ್ಗೆ ದೂರು

ಮಾನ್ಯರೇ,

ನನ್ನ ತಾಯಿಗೆ ಡಿಮೆನ್ಶಿಯಾ (ನೆನಪು, ಯೋಚನಾಶಕ್ತಿ ಕುಂದುವ ಸ್ಥಿತಿ) ತರುವ ಆಲ್ಝೈಮರ್‌ ಕಾಯಿಲೆಯಿದೆ. ಆದರೂ ನಿಮ್ಮ ಆ್ಯಪ್‌ನಲ್ಲಿ ತಮ್ಮ ತಂಗಿಗೆ ಅವರೇ ಕರೆ ಮಾಡುತ್ತಿದ್ದರು. ತೆರೆದ ಕೂಡಲೇ ತಂಗಿಯ ಫೋಟೊ, ಮುಟ್ಟಿದರೆ ಕರೆ, ಅಷ್ಟೇ. ಅಪ್‌ಡೇಟ್‌ ಆದ ಮೇಲೆ ಆ ಫೋಟೊಗಳೆಲ್ಲ ಮೂರು ಗೆರೆಯ ಮೆನುವಿನೊಳಗೆ ಸೇರಿಕೊಂಡವು. ಜೊತೆಗೆ ಆ್ಯಪ್‌ ತಾನಾಗಿಯೇ ಲಾಗ್‌ಔಟ್‌ ಆಗಿ ಪಾಸ್‌ವರ್ಡ್‌ ಕೇಳುತ್ತದೆ, ಅಂಕುಡೊಂಕು ಅಕ್ಷರ ಓದಿಸುತ್ತದೆ, ಆಮೇಲೆ ಒಟಿಪಿ. ಒಟಿಪಿ ನೋಡಲು ಮೆಸೇಜ್‌ಗೆ ಹೋದವರಿಗೆ ಏಕೆ ಬಂದೆ ಎಂಬುದೇ ಮರೆತಿರುತ್ತದೆ. ನೆನಪಿದ್ದರೂ ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಈ ಕಾಯಿಲೆಯಲ್ಲಿ ಹೊಸದನ್ನು ನೆನಪಿಟ್ಟುಕೊಳ್ಳುವ ಶಕ್ತಿ ಸಾಮಾನ್ಯವಾಗಿ ಮೊದಲು ಕುಂದುತ್ತದೆ. ಕೈಗೆ ರೂಢಿಯಾದದ್ದು ಹೆಚ್ಚು ಕಾಲ ಉಳಿಯುತ್ತದೆ. ನಮ್ಮಮ್ಮ ನಿಮ್ಮ ಆ್ಯಪ್‌ ಬಳಸುತ್ತಿದ್ದದ್ದು ಆ ರೂಢಿಯ ಬಲದಿಂದಲೇ. ನೀವು ಗುಂಡಿಗಳ ಜಾಗ ಬದಲಿಸಿದಾಗ ಆ ರೂಢಿ ಕೆಲಸಕ್ಕೆ ಬಾರದಂತಾಯಿತು.

ಇದಕ್ಕಿಂತ ನೋವಾದದ್ದು ನಿಮ್ಮ ಸಹಾಯವಾಣಿಯ ಉತ್ತರದಿಂದ. ಖಾತೆದಾರರೇ ಮಾತಾಡಬೇಕು ಎಂದರು. ಅಮ್ಮ ಮಾತಾಡಿದರೆ, ಖಾತೆ ತೆರೆದ ವರ್ಷ ಯಾವುದು ಎಂದು ಕೇಳಿದರು! ಹೇಳಲಾಗಲಿಲ್ಲ. ಕೊನೆಗೆ ನನಗೆ ಸಿಕ್ಕ ಸಲಹೆ: "ಅವರ ಖಾತೆ ಮುಚ್ಚಿಬಿಡಿ ಮೇಡಂ, ನಿಮ್ಮ ಖಾತೆಯಿಂದಲೇ ಕರೆ ಮಾಡಿಸಿ." ತಂಗಿಯ ಹತ್ತಿರ ಮಾತಾಡಬೇಕೆನಿಸಿದಾಗಲೆಲ್ಲ ಅವರು ನನ್ನ ಬಿಡುವಿಗೆ ಕಾಯಬೇಕೇ? ನನ್ನೆದುರು ಆಡಲಾಗದ ಮಾತುಗಳೂ ಅವರಿಬ್ಬರ ನಡುವೆ ಇರುತ್ತವೆ. (ಬಹುಪಾಲು ನನ್ನ ಮೇಲಿನ ದೂರುಗಳೇ ಇರಬೇಕು. ಇರಲಿ.)

ನಾನು ಕೇಳುತ್ತಿರುವುದು ಔದಾರ್ಯವನ್ನೇನೂ ಅಲ್ಲ. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಅಂಗವೈಕಲ್ಯವುಳ್ಳವರಿಗೂ ಸಮಾನವಾಗಿ ಎಟುಕಬೇಕೆಂದು ಅವರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 9ನೇ ವಿಧಿ ಹೇಳುತ್ತದೆ. 2023ರ ಅಕ್ಟೋಬರ್‌ನಲ್ಲಿ ಬಂದ ವೆಬ್‌ ಅಂಗವೈಕಲ್ಯವುಳ್ಳವರಿಗೂ ಎಟುಕುವಂತಿರಲು ರೂಪಿಸಿದ ಡಬ್ಲ್ಯುಸಿಎಜಿ 2.2 ಮಾನದಂಡದ 3.3.8ನೇ ಅಂಶದ ಪ್ರಕಾರ, ಲಾಗಿನ್‌ ಆಗಲು ಪಾಸ್‌ವರ್ಡ್‌ ನೆನಪಿಡುವುದೋ ಒಗಟು ಬಿಡಿಸುವುದೋ ಒಂದೇ ದಾರಿಯಾಗಬಾರದು. ವೆಬ್‌ಸೈಟ್‌ಗಳಿಗೆಂದು ಬರೆದದ್ದು ಎಂದು ನುಣುಚಿಕೊಳ್ಳಬೇಡಿ. ಆ್ಯಪ್‌ಗಳನ್ನು ಅಳೆಯಲೂ ಇದನ್ನು ಬಳಸುತ್ತಾರೆ. ಸುರಕ್ಷತೆಯ ನೆಪವೂ ಬೇಡ. ಬೆರಳಿನ ಗುರುತಿಗೆ ನೆನಪಿನ ಹಂಗಿಲ್ಲ.

ಆದ್ದರಿಂದ ಹಳೆಯ ಫೋಟೊ ಪುಟವನ್ನು ಬೇಕೆಂದವರಿಗೆ ಉಳಿಸಿಕೊಡಿ, ಮುಂದಿನ ಅಪ್‌ಡೇಟ್‌ನಲ್ಲೂ ಅದನ್ನು ಮುಟ್ಟಬೇಡಿ. ಬೆರಳಿನ ಗುರುತಿನಿಂದಲೇ ಲಾಗಿನ್‌ ಆಗುವಂತಿರಲಿ. ಅಮ್ಮ ತಾವೇ ಆರಿಸಿದ ಒಬ್ಬರನ್ನು ಸಹಾಯಕರಾಗಿ ಸೇರಿಸುವ, ಬೇಡವೆನಿಸಿದರೆ ತೆಗೆಯುವ ಅವಕಾಶ ಬೇಕು. ಆ ಸಹಾಯಕರಿಗೆ ಸೆಟ್ಟಿಂಗ್‌ ಸರಿಪಡಿಸುವಷ್ಟು ಅಧಿಕಾರ ಸಾಕು, ಅಮ್ಮನ ಕರೆಗಳ ಪಟ್ಟಿ ಕಾಣಬೇಕಿಲ್ಲ. ಮತ್ತು ಹೊಸ ವಿನ್ಯಾಸವನ್ನು ಬಿಡುಗಡೆಗೆ ಮುಂಚೆ ಡಿಮೆನ್ಶಿಯಾ ಇರುವವರ ಕೈಗೇ ಕೊಟ್ಟು ನೋಡಿ, ನನ್ನಂಥ ಮಕ್ಕಳನ್ನು ಕೇಳಿ ಸುಮ್ಮನಾಗಬೇಡಿ.

ಇವುಗಳಲ್ಲಿ ಯಾವುದನ್ನು ಎಂದಿನೊಳಗೆ ಮಾಡುತ್ತೀರಿ ಎಂದು ದಪ್ಪಕ್ಷರದಲ್ಲಿ ಬರೆದು ಅಮ್ಮನ ಹೆಸರಿಗೇ ಕಳುಹಿಸಿ. ನನಗೊಂದು ಪ್ರತಿ ಸಾಕು.

ಇಂತಿ,
ತಾಯಿಯ ಒಪ್ಪಿಗೆ ಪಡೆದು ಬರೆದಿರುವ,
ಖಾತೆದಾರರ ಮಗಳು