ಯುದ್ಧದ ನಡುವೆಯೂ ನಿಲ್ಲದ ಶಾಸನ ಕಾರ್ಯ

ಮಾನ್ಯ ಸಂಪಾದಕರಿಗೆ,

ಎರಡನೆಯ ಮಹಾಯುದ್ಧ ಕಾಲದ ಬ್ರಿಟನ್ ಸಂಸತ್ತಿನ ಮಾತು ಬಂದಾಗಲೆಲ್ಲ ಚರ್ಚಿಲ್ ಅವರ ಭಾಷಣಗಳೇ ಮುನ್ನೆಲೆಗೆ ಬರುತ್ತವೆ. ಅದೇ ಸಂಸತ್ತಿನಲ್ಲಿ ಕುಳಿತು ಜನಸಾಮಾನ್ಯರ ನಿತ್ಯದ ಬದುಕಿಗೆ ಬೇಕಾದ ಕಾನೂನು ರೂಪಿಸಿದವರನ್ನು ನಾವು ನೆನೆಯುವುದೇ ಕಡಿಮೆ. ಅಂಥವರಲ್ಲಿ ಸ್ಕಾಟ್ಲೆಂಡಿನ ಲೇಬರ್ ಸಂಸದ ಟಾಮ್ ಜಾನ್‌ಸ್ಟನ್ ಅಗ್ರಗಣ್ಯರೆಂದು ನಾನು ನಂಬಿದ್ದೇನೆ.

1941ರ ಫೆಬ್ರುವರಿಯಲ್ಲಿ ಸ್ಕಾಟ್ಲೆಂಡ್ ವ್ಯವಹಾರಗಳ ಸಚಿವರಾದ ಜಾನ್‌ಸ್ಟನ್, ಆ ಹುದ್ದೆಯನ್ನು ಹಿಂದೆ ನಿರ್ವಹಿಸಿ ಇನ್ನೂ ಬದುಕಿದ್ದ ಐವರನ್ನೂ ಪಕ್ಷಭೇದವಿಲ್ಲದೆ ಸೇರಿಸಿ ಒಂದು ಸಲಹಾ ಮಂಡಳಿ ರಚಿಸಿದರು. ಲಿಬರಲ್ ನಾಯಕ ಸಿಂಕ್ಲೇರ್ ಅವರೂ ಕನ್ಸರ್ವೇಟಿವರ ಮಿತ್ರಪಕ್ಷವಾದ ಯೂನಿಯನಿಸ್ಟ್ ಪಕ್ಷದ ವಾಲ್ಟರ್ ಎಲಿಯಟ್ ಅವರೂ ಅದರಲ್ಲಿದ್ದರು. ಇವರೆಲ್ಲ ಒಪ್ಪಿದ ವಿಷಯಕ್ಕೆ ಪ್ರಧಾನಿ ಚರ್ಚಿಲ್ ಬೆಂಬಲ ಕೊಡಬೇಕೆಂಬುದು ಜಾನ್‌ಸ್ಟನ್ ಅವರ ಷರತ್ತಾಗಿತ್ತು.

ಮರುತಿಂಗಳೇ ಕ್ಲೈಡ್‌ಬ್ಯಾಂಕ್ ಪಟ್ಟಣ ಜರ್ಮನ್ ವಿಮಾನಗಳ ದಾಳಿಗೆ ತುತ್ತಾಯಿತು. ಇಂಥ ದಾಳಿಗಳ ಗಾಯಾಳುಗಳಿಗೆಂದು ಕಟ್ಟಿಸಿದ್ದ ತುರ್ತು ಆಸ್ಪತ್ರೆಗಳಲ್ಲಿ ಮುಂದೆ ಹಾಸಿಗೆಗಳು ಖಾಲಿ ಉಳಿದಾಗ, ಅವನ್ನು ಮೊದಲು ಕ್ಲೈಡ್ ಕಣಿವೆಯ ಯುದ್ಧೋದ್ಯಮದ ಕಾರ್ಮಿಕರಿಗೂ ಬಳಿಕ ಇತರ ಆಸ್ಪತ್ರೆಗಳಲ್ಲಿ ಸರದಿಗಾಗಿ ಕಾಯುತ್ತಿದ್ದ ರೋಗಿಗಳಿಗೂ ಅವರು ತೆರೆದುಕೊಟ್ಟರು. ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬರಲು ಆಗ ಇನ್ನೂ ಹಲವು ವರ್ಷಗಳಿದ್ದವು ಎಂಬುದನ್ನು ಮರೆಯಬಾರದು.

ಆದರೆ ಅವರ ಸಂಸದೀಯ ಸಾಧನೆಯ ಶಿಖರವೆಂದರೆ 1943ರ ಜಲವಿದ್ಯುತ್ ಅಭಿವೃದ್ಧಿ ಕಾಯ್ದೆ. ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಾದ ಹೈಲ್ಯಾಂಡ್ಸ್ ಸೀಮೆಯಲ್ಲಿ ಮಳೆಗೂ ಸರೋವರಗಳಿಗೂ ಕೊರತೆಯಿರಲಿಲ್ಲ. ಆದರೂ ಅಲ್ಲಿನ ಸಣ್ಣ ಹಿಡುವಳಿದಾರರು ಸಂಜೆಯಾದರೆ ಸೀಮೆಎಣ್ಣೆ ದೀಪವನ್ನೇ ನೆಚ್ಚಿಕೊಳ್ಳಬೇಕಿತ್ತು. ಅಲ್ಲಿ ಜಲವಿದ್ಯುತ್ ಉತ್ಪಾದಿಸಲೆಂದು ಖಾಸಗಿ ಕಂಪನಿಗಳು ತಂದ ಮಸೂದೆಗಳು ಭೂಮಾಲೀಕರು, ಕಲ್ಲಿದ್ದಲು ಹಿತಾಸಕ್ತಿಗಳು ಮತ್ತು ನಿಸರ್ಗ ಸೌಂದರ್ಯದ ಬಗ್ಗೆ ಕಾಳಜಿಯಿದ್ದವರ ವಿರೋಧದಿಂದ ಒಂದರ ಹಿಂದೊಂದು ಬಿದ್ದುಹೋಗಿದ್ದವು. ಅಲ್ಲಿನ ಗ್ಲೆನ್ ಅಫ್ರಿಕ್ ಕಣಿವೆಯ ಇಂಥದೇ ಯೋಜನೆಯನ್ನು ಸಂಸತ್ತು 1941ರಲ್ಲೂ ತಳ್ಳಿಹಾಕಿತು. ಜಾನ್‌ಸ್ಟನ್ ಎದೆಗುಂದದೆ ನ್ಯಾಯಾಧೀಶ ಕೂಪರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿ, ಅದರ ವರದಿ ಕೈಗೆ ಬಂದ ಮರುವರ್ಷವೇ ಸಾರ್ವಜನಿಕ ಮಂಡಳಿಯೊಂದನ್ನು ಸ್ಥಾಪಿಸುವ ಮಸೂದೆಗೆ ಒಪ್ಪಿಗೆ ಪಡೆದರು. ವಿದ್ಯುತ್ ಉತ್ಪಾದಿಸಿ ಮಾರುವುದಷ್ಟೇ ಅಲ್ಲ, ಆ ಪ್ರದೇಶದ ಆರ್ಥಿಕ ಅಭಿವೃದ್ಧಿಗೂ ಸಾಮಾಜಿಕ ಸುಧಾರಣೆಗೂ ನೆರವಾಗುವುದು ಮಂಡಳಿಯ ಹೊಣೆ ಎಂದು ಆ ಕಾಯ್ದೆಯೇ ಹೇಳಿತು. ಲಾಭ ತರದ ದೂರದ ಕಣಿವೆಗಳಿಗೂ ತಂತಿ ಎಳೆಯಲು ಕಾನೂನಿನ ಬಲ ದೊರೆತದ್ದು ಇದರಿಂದಲೇ. ಒಂದು ದೇಶ ತನ್ನ ಉಳಿವಿಗಾಗಿ ಹೋರಾಡುತ್ತಿದ್ದ ಹೊತ್ತಿನಲ್ಲಿ ಇಂಥದೊಂದು ಅಂಶ ಕಾಯ್ದೆಯ ಭಾಗವಾಯಿತೆಂಬುದು ನನ್ನಲ್ಲಿ ಅಪಾರ ಗೌರವ ಮೂಡಿಸುತ್ತದೆ.

ಈ ವಿದ್ಯುತ್ ಯೋಜನೆಗಳಿಂದ ಕೆಲವು ಕಣಿವೆಗಳು ಮುಳುಗಿದ್ದು ನಿಜ, ಆ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ಜಾನ್‌ಸ್ಟನ್ ಮಾತ್ರ ಹೊಣೆಯಿಂದ ನುಣುಚಿಕೊಳ್ಳಲಿಲ್ಲ. 1945ರಲ್ಲಿ ಸಂಸತ್ತನ್ನು ತೊರೆದ ಮೇಲೆ ಅದೇ ಮಂಡಳಿಯ ಅಧ್ಯಕ್ಷರಾಗಿ 1959ರವರೆಗೆ ದುಡಿದರು. ಯುದ್ಧದ ಇತಿಹಾಸ ಕುರಿತ ಲೇಖನಗಳಲ್ಲಿ ರಣರಂಗದ ಜೊತೆಗೆ ಇಂಥ ಶಾಸನ ಕಾರ್ಯಕ್ಕೂ ತಮ್ಮ ಪತ್ರಿಕೆ ಸ್ಥಳಾವಕಾಶ ನೀಡಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ