ಕಣ್ಣು ಚೆನ್ನಾಗಿದೆ, ಉಂಗುರವೂ ಇದೆ

ತೀರ್ಥರೂಪು ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ.

ನಿಮ್ಮ ಪತ್ರ ನಿನ್ನೆ ತಲುಪಿತು. ಹೋದ ಸಲ ಕಳುಹಿಸಿದ ಫೋಟೋದಲ್ಲಿ ನಾನು ದಪ್ಪ ಕನ್ನಡಕ ಹಾಕಿರುವುದನ್ನೂ ಬೆರಳಿನಲ್ಲಿ ಉಂಗುರವಿಲ್ಲದಿರುವುದನ್ನೂ ಕಂಡು ಅಮ್ಮ ನಿದ್ದೆ ಮಾಡಿಲ್ಲವೆಂದೂ, ಲೇಸರ್ ಕಣ್ಣನ್ನೇ ಕಳೆಯುತ್ತದೆಂದು ಮಾವ ಬೇರೆ ಹೇಳಿದರೆಂದೂ ಬರೆದಿದ್ದೀರಿ. ನನ್ನ ದೃಷ್ಟಿಗೆ ಏನೂ ಆಗಿಲ್ಲ. ಅದು ನಮ್ಮ ಲೇಸರ್ ಪ್ರಯೋಗಾಲಯದಲ್ಲಿ ಹಾಕುವ ರಕ್ಷಣೆಯ ಕನ್ನಡಕ. ಹೊಳೆಯುವ ಲೋಹಕ್ಕೆ ತಾಗಿದ ಬೆಳಕು ಎತ್ತಲಾದರೂ ಚಿಮ್ಮಬಹುದೆಂದು ಇಲ್ಲಿ ನಮ್ಮ ಪ್ರಾಧ್ಯಾಪಕರೂ ಮದುವೆಯ ಉಂಗುರವನ್ನು ಕಳಚಿಟ್ಟೇ ಒಳಗೆ ಬರುತ್ತಾರೆ. ನನ್ನದು ಮೇಜಿನ ಖಾನೆಯಲ್ಲಿ ಭದ್ರವಾಗಿದೆ.

ಕತ್ತಲೆ ಕೋಣೆಯಲ್ಲಿ ಹಗಲಿಡೀ ಏನು ನೋಡುತ್ತೀಯೆಂದು ಕೇಳಿದ್ದೀರಿ. ಅಯೋಡಿನ್ ಅಣುವಿನ ಎರಡು ಪರಮಾಣುಗಳು ಸ್ಪ್ರಿಂಗಿನ ತುದಿಗಳಂತೆ ಹತ್ತಿರ ಬಂದು ದೂರ ಸರಿಯುತ್ತಲೇ ಇರುತ್ತವೆ. ಬೆಳಕು ಹೀರಿ ಉದ್ರಿಕ್ತವಾದ ಅಣುವಿನಲ್ಲಿ ಇಂಥ ಒಂದು ಓಲಾಟಕ್ಕೆ ಸುಮಾರು 300 ಫೆಮ್ಟೊಸೆಕೆಂಡ್ ಸಾಕು. ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ನೂರು ಕೋಟಿ ಭಾಗ ಮಾಡಿದರೆ ಒಂದು ಫೆಮ್ಟೊಸೆಕೆಂಡ್. ಇಷ್ಟು ವೇಗಕ್ಕೆ ಯಾವ ಕ್ಯಾಮೆರಾದ ಕದವೂ ತೆರೆದು ಮುಚ್ಚಲಾರದು. ಆದ್ದರಿಂದ ಲೇಸರಿನ ಅತಿಕ್ಷಣಿಕ ಮಿಡಿತವೊಂದನ್ನು ಎರಡಾಗಿ ಸೀಳಿ, ಬೇಕಾದ ಬಣ್ಣಕ್ಕೆ ತಿರುಗಿಸಿ, ಮೊದಲನೆಯದರಿಂದ ಅಣುಗಳನ್ನೆಲ್ಲ ಒಮ್ಮೆಲೇ ಮೀಟಿ, ತುಸು ತಡೆದು ಬರುವ ಎರಡನೆಯದರಿಂದ ಅವು ಆ ಗಳಿಗೆಯಲ್ಲಿ ಎಷ್ಟು ಹಿಗ್ಗಿವೆಯೆಂದು ತಿಳಿಯುತ್ತೇವೆ. ತಡೆಯುವುದು ಗಡಿಯಾರದಿಂದಲ್ಲ, ಕನ್ನಡಿಯಿಂದ: ಅದನ್ನು 0.15 ಮೈಕ್ರೊಮೀಟರ್ ಹಿಂದೆ ಸರಿಸಿದರೆ, ಬೆಳಕು ಹೋಗಿ ಬರುವ ದಾರಿ 0.3 ಮೈಕ್ರೊಮೀಟರ್ ಉದ್ದವಾಗಿ, ಒಂದು ಫೆಮ್ಟೊಸೆಕೆಂಡ್ ತಡವಾಗುತ್ತದೆ. ಇಡೀ ಓಲಾಟವನ್ನು ಅಳೆಯಲು ಕನ್ನಡಿ ಸರಿಯುವುದು 45 ಮೈಕ್ರೊಮೀಟರ್, ತಲೆಗೂದಲಿನ ದಪ್ಪದಷ್ಟೂ ಅಲ್ಲ! ಹೀಗೆ ಅಣುಗಳ ಚಲನೆಯನ್ನು ಹಿಡಿದದ್ದಕ್ಕೇ ಅಹ್ಮದ್ ಜೆವೈಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು. ಅಣುಗಳ ಕಂಪನವನ್ನು ಚದುರಿದ ಬೆಳಕಿನ ಬಣ್ಣದಲ್ಲಿ ಓದುವ ದಾರಿಯನ್ನು ನಮ್ಮ ರಾಮನ್ನರು 1928ರಲ್ಲೇ ತೆರೆದಿದ್ದರೆಂದು ಇಲ್ಲಿಯವರಿಗೆ ನಾನು ಆಗಾಗ ನೆನಪಿಸುತ್ತೇನೆ. ಅವರಿಗೆ ಅದು ಗೊತ್ತೇ ಇದೆ, ಆದರೂ ಹೇಳುತ್ತೇನೆ.

ಅಪಾಯವೇ ಇಲ್ಲವೆಂದು ನಿಮಗೆ ಸುಳ್ಳು ಬರೆಯಲಾರೆ. ಮೂಲ ಲೇಸರಿನ 800 ನ್ಯಾನೊಮೀಟರ್ ತರಂಗಾಂತರದ ಬೆಳಕು ಕಣ್ಣಿಗೆ ಕಾಣುವುದೇ ಅತ್ಯಲ್ಪವಾದ್ದರಿಂದ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಆದರೆ ಅಕ್ಷಿಪಟಲವನ್ನು ಅದು ನೇರವಾಗಿ ತಲುಪುತ್ತದೆ. (ಈ ವಾಕ್ಯವನ್ನು ಅಮ್ಮನಿಗೆ ಓದಬೇಡಿ.) ಅದಕ್ಕಾಗಿಯೇ ಕನ್ನಡಕ, ಕಿರಣದ ದಾರಿಗೆಲ್ಲ ಮರೆ, ಕಿರಣದ ಮಟ್ಟಕ್ಕೆ ಕಣ್ಣು ತರಬಾರದೆಂಬ ಕಟ್ಟಳೆ. ಕೆಳಗೆ ಏನಾದರೂ ಬಿದ್ದರೆ ಕಿರಣವನ್ನು ತಡೆದ ನಂತರವೇ ಬಗ್ಗುತ್ತೇನೆ. ಕಣ್ಣಿನ ತಪಾಸಣೆಯೂ ಆಗಿದೆ, ಎರಡೂ ಕಣ್ಣು ಚೆನ್ನಾಗಿವೆ. ಈ ಪತ್ರವನ್ನು ಕನ್ನಡಕವಿಲ್ಲದೆಯೇ ಬರೆಯುತ್ತಿದ್ದೇನೆ. ಖಂಡಿತ ಚಿಂತೆ ಬೇಡ.

ಲೇಸರ್ ಸ್ಥಿರವಾಯಿತೆಂದು ಕರೆಯುತ್ತಿದ್ದಾರೆ, ಉಳಿದದ್ದು ಮುಂದಿನ ಪತ್ರದಲ್ಲಿ. ಅಮ್ಮನಿಗೆ ನಮಸ್ಕಾರ, ಸುಮಾಳಿಗೆ ಆಶೀರ್ವಾದ.

ಇತಿ ನಿಮ್ಮ ಮಗ,
ರಘು