ಕಿರಲ ಹಣ್ಣಿನ ಪಾನಕ

ಪ್ರೀತಿಯ ಅಮ್ಮ, ಅಪ್ಪ, ಪುಟ್ಟಿ,

ನಾನು ಆರಾಮಾಗಿದ್ದೇನೆ. ಕೆಲಸ ಎಂದಿನಂತೆ, ಸೆಕೆ ಎಂದಿಗಿಂತ ಜಾಸ್ತಿ. ಅಮ್ಮಾ, ಮೊನ್ನೆ ಕಳಿಸಿದ ಫೋಟೊದಲ್ಲಿ ಲೋಟದಲ್ಲಿದ್ದ ಕೆನೆ ಬಣ್ಣದ ಪಾನಕ ಬೇಲದ ಹಣ್ಣಿನದ್ದಾ ಅಂತ ಕೇಳಿದ್ದೆಯಲ್ಲ, ಅಲ್ಲ. ಬೇಲದ ಪಾನಕವೂ ಇಲ್ಲಿ ಶ್ರೀಲಂಕಾದಲ್ಲಿ ಎಲ್ಲೆಡೆ ಸಿಗುತ್ತದೆ, ಆದರೆ ಅದು ಕಿರಲ. ಕಾಂಡ್ಲಾ ಮರದ ಹಣ್ಣು! ಹೌದು, ಹೊಳೆ ಅಂಚಿನ ಕೆಸರಲ್ಲಿ, ಉಪ್ಪುನೀರು ಬಂದು ಹೋಗುವ ಜಾಗದಲ್ಲಿ ನಿಂತಿರುತ್ತದಲ್ಲ, ಅದೇ ಜಾತಿ.

ಕಾಂಡ್ಲಾ ಅಂದರೆ ನಮಗೆ ಉದ್ದ ಕೋಲಿನ ಹಾಗೆ ಮೊಳಕೆ ನೇತಾಡುವ ಮರವೇ ಮೊದಲು ನೆನಪಾಗುವುದು, ಅಲ್ವಾ? ಇದಕ್ಕೆ ಆ ಕೋಲು ಇಲ್ಲ. ಹಸಿರು, ಸ್ವಲ್ಪ ಚಪ್ಪಟೆ, ದುಂಡನೆಯ ಕಾಯಿ, ಐದಾರು ಸೆಂಟಿಮೀಟರ್ ಅಗಲ. ತೊಟ್ಟಿನ ಕಡೆ ಹೂವಿನ ಹೊರದಳಗಳು ಉದುರದೆ ನಕ್ಷತ್ರದ ಆಕಾರದಲ್ಲಿ ಹರಡಿಕೊಂಡು ಉಳಿದಿರುತ್ತವೆ, ತುದಿಯಲ್ಲಿ ಒಂದು ಸಣ್ಣ ಬಾಲ. ಇದು ದಾಳಿಂಬೆಯ ಕುಟುಂಬದ ಮರವಂತೆ, ಗೋರಂಟಿ ಕೂಡ ಅದೇ ಕುಟುಂಬ. ದಾಳಿಂಬೆಯ ಕಿರೀಟ ನೆನಪಿಸಿಕೊಂಡರೆ ಒಪ್ಪಬಹುದು, ಗೋರಂಟಿ ವಿಷಯ ಮಾತ್ರ ನನಗೆ ಇನ್ನೂ ನಂಬಿಕೆ ಬಂದಿಲ್ಲ.

ಕಾಯಿ ಬರೀ ಹುಳಿ. ಹಣ್ಣಾದರೆ ಮೆತ್ತಗಾಗಿ ಚೀಸ್ ವಾಸನೆ ಬರುತ್ತದೆ. ಪುಟ್ಟಿ, ನೀನು ಮೂಗು ಮುರಿಯುತ್ತೀಯ ಅಂತ ಗೊತ್ತು. ಆದರೆ ಪಾನಕ ಮಾಡಿದ ಮೇಲೆ ಆ ವಾಸನೆ ಹಿಂದೆ ಸರಿದು ಹುಳಿ-ಸಿಹಿ ಮುಂದೆ ಬರುತ್ತದೆ. ನಾನು ಬಾಡಿಗೆಗಿರುವ ಮನೆಯ ಅಕ್ಕ ಮಾಡುವುದು ಹೀಗೆ: ಪೂರ್ತಿ ಹಣ್ಣಾದದ್ದನ್ನು ಸಿಪ್ಪೆ ತೆಗೆದು ನೀರಲ್ಲಿ ಕೈಯಿಂದಲೇ ಕಿವುಚುತ್ತಾರೆ. ಒಳಗೆ ನೂರಾರು ಸಣ್ಣ ಬೀಜ, ಮಿಕ್ಸಿಗೆ ಹಾಕಿದರೆ ಅವೂ ಪುಡಿಯಾಗಿ ಕೆಟ್ಟ ಒಗರು ಬರುತ್ತದಂತೆ. ಆಮೇಲೆ ಸೋಸಿ, ದಪ್ಪ ತೆಂಗಿನಹಾಲು, ಸಕ್ಕರೆ, ಚಿಟಿಕೆ ಉಪ್ಪು. ಸಕ್ಕರೆ ಬದಲು ಬೈನೆ ಮರದ ಪಾಕ ಹಾಕಿದರೆ ನನಗೆ ಇನ್ನೂ ಇಷ್ಟ. ತೆಂಗಿನಹಾಲು ಹಾಕಿದ ಮೇಲೆ ಇಡಬಾರದು, ತಕ್ಷಣ ಕುಡಿಯಬೇಕು.

ಇಲ್ಲಿ ಮಾತ್ರ ಅಲ್ಲ, ವಿಯೆಟ್ನಾಂನಲ್ಲಿ ಇದನ್ನು ಹಾಕಿ ಮೀನಿನ ಹುಳಿ ಸಾರು ಮಾಡುತ್ತಾರೆ. ಇಂಡೋನೇಷ್ಯಾದಲ್ಲಿ ಸಿರಪ್. ಸುಂದರಬನದ ಕಡೆ ಇದರ ಹತ್ತಿರದ ಸಂಬಂಧಿ ಕೇಓಡಾ ಅಂತ ಒಂದಿದೆ, ಅದರ ಹುಳಿ ಕಾಯಿಯನ್ನು ಬೇಳೆಗೆ ಹಾಕುತ್ತಾರೆ, ಉಪ್ಪಿನಕಾಯಿಯನ್ನೂ ಮಾಡುತ್ತಾರೆ.

ಅಪ್ಪಾ, ನಿಮಗೆ ಬೇರಿನ ವಿಷಯ ಹೇಳಬೇಕು. ಕೆಸರಲ್ಲಿ ಗಾಳಿ ಇಲ್ಲದ್ದರಿಂದ ಬೇರುಗಳು ಉಸಿರಾಡಲು ಮೇಲೆ ಎದ್ದು ಬರುತ್ತವೆ, ಕೆಲವು ಕಡೆ ಸೊಂಟದ ಎತ್ತರ. ಬೆಂಡಿನಷ್ಟು ಹಗುರ. ಹಿಂದೆ ಅವನ್ನೇ ಕತ್ತರಿಸಿ ಬಲೆಗೆ ತೇಲುಬೆಂಡು, ಬಾಟಲಿಗೆ ಬಿರಡೆ ಮಾಡುತ್ತಿದ್ದರು. ಹೂ ಅರಳುವುದು ಸಂಜೆಯ ಮೇಲೆ. ಕೆಂಪು ಎಳೆಗಳ ದೊಡ್ಡ ಗೊಂಚಲು, ರಾತ್ರಿಯಿಡೀ ಬಾವಲಿಗಳು ಮಕರಂದಕ್ಕೆ ಬಂದು ಪರಾಗ ಸಾಗಿಸುತ್ತವೆ, ಬೆಳಗಾಗುವಷ್ಟರಲ್ಲಿ ಆ ಎಳೆಗಳೆಲ್ಲ ನೀರಿಗೆ ಬಿದ್ದಿರುತ್ತವೆ. ಮಲೇಷ್ಯಾದ ಕ್ವಾಲಾ ಸೆಲಂಗೋರ್ ಹತ್ತಿರದ ಹೊಳೆಯಲ್ಲಿ ಇದೇ ಮರದ ಮೇಲೆ ಸಾವಿರಾರು ಮಿಂಚುಹುಳ ಕೂತು ಒಟ್ಟಿಗೆ ಮಿಂಚಿ ಒಟ್ಟಿಗೆ ಆರುತ್ತವೆ, ಅದನ್ನು ನೋಡಲೆಂದೇ ಜನ ದೋಣಿ ಹತ್ತುತ್ತಾರೆ. ನಮ್ಮ ಕಡೆ ಇಂಥ ಮರ ಹೊಳೆ ಪಕ್ಕ ನಿಂತರೆ ಯಾರೂ ತಿರುಗಿಯೂ ನೋಡುವುದಿಲ್ಲ.

ಆದರೆ ಕಾಂಡ್ಲಾ ಬೆಳೆದರೆ ಎಲ್ಲ ಒಳ್ಳೆಯದೇ ಅಂತ ಸುಮ್ನೆ ಹೊಗಳಲಾರೆ. ನಾನಿರುವ ತಂಗಾಲೆಯಿಂದ ಪೂರ್ವಕ್ಕೆ ಕಲಮೆಟಿಯ ಅಂತ ಒಂದು ಹಿನ್ನೀರು ಇದೆ, ಪಕ್ಷಿಧಾಮ. 1960ರ ದಶಕದಲ್ಲಿ ಉಡವಲವೆ ನೀರಾವರಿ ಯೋಜನೆ ಬಂದ ಮೇಲೆ ಗದ್ದೆಗಳಿಂದ ಬಸಿದ ಸಿಹಿನೀರು, ಜೊತೆಗೆ ಹೂಳು, ಅದರೊಳಗೆ ಹರಿಯತೊಡಗಿತು. ನೀರಿನ ಉಪ್ಪು ಕಡಿಮೆಯಾಯಿತು. ಕಿರಲ ಮರಕ್ಕೆ ಬೇಕಾಗಿದ್ದದ್ದು ಅದೇ, ಅದು ಉಪ್ಪು ಕಡಿಮೆ ಇರುವಲ್ಲೇ ಚೆನ್ನಾಗಿ ಬರುವ ಜಾತಿ. ಈಗ ಅಲ್ಲಿ ಹೆಚ್ಚಾಗಿ ಇದೇ ತುಂಬಿಕೊಂಡಿದೆ, ಬಯಲು ನೀರು ಕುಗ್ಗಿದೆ, ಅದನ್ನೇ ನಂಬಿದ್ದ ಮೀನುಗಾರರಿಗೆ ಪೆಟ್ಟು ಬಿದ್ದಿದೆ. ಮರದ ತಪ್ಪಲ್ಲ ಬಿಡಿ, ಮೇಲಿನಿಂದ ನೀರು ತಿರುಗಿಸಿದವರು ಕೆಳಗೆ ಏನಾಗುತ್ತದೆ ಅಂತ ನೋಡಲಿಲ್ಲ. ಇದೇ ದೇಶ 2015ರಲ್ಲಿ ತನ್ನ ಎಲ್ಲ ಕಾಂಡ್ಲಾ ಕಾಡನ್ನೂ ಕಾಪಾಡುತ್ತೇನೆ ಅಂತ ಘೋಷಿಸಿದೆ. ಒಳ್ಳೆಯದೇ, ಆದರೆ ನನಗನಿಸುವ ಮಟ್ಟಿಗೆ ಮರ ಕಡಿಯದಿದ್ದರೆ ಮಾತ್ರ ಸಾಲದು, ಬರುವ ನೀರನ್ನೂ ನೋಡಬೇಕು.

ಸರಿ, ಇಷ್ಟೆಲ್ಲ ಬರೆದದ್ದು ಯಾಕೆ ಅಂದರೆ, ಈ ಮರ ನಮ್ಮಲ್ಲೂ ಇದೆ. ಅಘನಾಶಿನಿ, ಶರಾವತಿ ಅಳಿವೆಗಳಲ್ಲಿ ಇದು ಇರುವುದು ದಾಖಲಾಗಿದೆ. ಸಮುದ್ರದ ಬಾಯಿಯ ಹತ್ತಿರ ಹುಡುಕಬೇಡಿ, ಅಲ್ಲಿ ಸಿಗುವುದು ಹೆಚ್ಚಾಗಿ ಬಿಳಿ ಎಳೆಯ ಹೂ ಬಿಡುವ ಇದರ ದಾಯಾದಿ. ಹೊಳೆಯಲ್ಲಿ ಸ್ವಲ್ಪ ಮೇಲಕ್ಕೆ, ಸಿಹಿನೀರು ಜಾಸ್ತಿ ಸೇರುವಲ್ಲಿ, ಕೊಂಬೆಗಳು ನೀರಿನ ಕಡೆ ಇಳಿಬಿದ್ದಿರುವ ಮರ ನೋಡಿ. ಅಪ್ಪಾ, ದೋಣಿಯವರನ್ನು ಕೇಳಿದರೆ ಅವರಿಗೆ ಗೊತ್ತಿರಬಹುದು.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹಿನ್ನೀರಿನ ಅಂಚಲ್ಲೇ ಮಾವಿನಕಾಯಿ ತರಹ ಕಾಣುವ ಹಸಿರು ಕಾಯಿಯ ಮರವೂ ಇರುತ್ತದೆ, ಬಿಳಿ ಹೂ, ಕೊಂಬೆ ಮುರಿದರೆ ಹಾಲು. ಕೇರಳದಲ್ಲಿ ಒದಳಂ ಅನ್ನುತ್ತಾರೆ. ಅದರ ಬೀಜ ಹೃದಯವನ್ನೇ ನಿಲ್ಲಿಸುವ ವಿಷ. ಇನ್ನೊಂದು ಕಾಂಡ್ಲಾ ಜಾತಿಯ ಹಾಲು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಹಾಲು ಬರುವ ಯಾವ ಮರವನ್ನೂ ಮುಟ್ಟಬೇಡಿ. ಕಾಯಿಯ ಬುಡದಲ್ಲಿ ನಕ್ಷತ್ರ, ತುದಿಯಲ್ಲಿ ಬಾಲ, ಎರಡೂ ಇದ್ದರೆ ಮಾತ್ರ ಮುಂದಿನ ಮಾತು.

ಪುಟ್ಟಿ, ಸಿಕ್ಕರೆ ಬಾಯಿಗಿಡುವ ಮೊದಲು ಕಾಯಿಯ ಬುಡ, ತುದಿ, ಎಲೆ, ಬೇರು ಎಲ್ಲದರ ಫೋಟೊ ತೆಗೆದು ನನಗೆ ಕಳಿಸು. ಅಕ್ಕನಿಗೆ ತೋರಿಸಿ ಹೌದೋ ಅಲ್ಲವೋ ಹೇಳುತ್ತೇನೆ. ಅಮ್ಮಾ, ಅಲ್ಲಿಯವರೆಗೆ ತೆಂಗಿನಕಾಯಿ ತುರಿದಿಡಬೇಡ, ನಿನ್ನ ಉತ್ಸಾಹ ನನಗೆ ಗೊತ್ತು.

ನಿಮ್ಮ ಮಗ